ತಲೆಗಿಷ್ಟು ನೀರಿನ ದುಡ್ಡು

ಸಿರ್ಕಾ: ಸೋಮವಾರ ಆದ್ರೆ ಏನಾಯ್ತು? ಸೋಮವಾರ ಆ ಒಲೆ ಬಿಸಿ ಆಗಲ್ವಾ?

ಓಯ್ವಾ: ಆಗುತ್ತೆ. ಒಲೆಗೇನು ಗೊತ್ತು ವಾರ, ನನಗೆ ಗೊತ್ತಲ್ಲ. ಸೌನಾ ಅಂದ್ರೆ ಶನಿವಾರ ಸಂಜೆ. ಸೋಮವಾರ ಮಾಡೋದಕ್ಕೆ ಮೈ ತೊಳ್ಕೊಳ್ಳೋದು ಅಂತಾರೆ.

ಹೆಲ್ಸಿಂಕಿಯ ಕಲ್ಲಿಯೊ ಬಡಾವಣೆ, ನಾಲ್ಕನೆಯ ಮಹಡಿ, ಎರಡು ಕೋಣೆಯ ಖಾಲಿ ಮನೆ. ಗಂಡಹೆಂಡತಿ ನೆಲ ಕೊಳೆಯಾಗದಿರಲೆಂದು ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟುಕೊಂಡು ನಡುಮನೆಯಲ್ಲಿ ನಿಂತಿದ್ದಾರೆ. ಉತ್ತರದ ಕಯಾನಿ ಊರಿನ ಆಸ್ಪತ್ರೆಗೆ ಪರದೆ, ಹಾಸಿಗೆಬಟ್ಟೆ ಹೊಲಿದು ಹೊಲಿದು ಅರ್ಧ ಆಯುಸ್ಸು ಕಳೆದ ಸಿರ್ಕಾಳನ್ನು ಈಗ ಇಲ್ಲಿನ ನಾಟಕಶಾಲೆಯೊಂದು ವೇಷಭೂಷಣ ಹೊಲಿಯಲು ಕರೆದಿದೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಇಂಥ ಕರೆ ಇನ್ನೊಮ್ಮೆ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮುಂದಿನ ವಾರ ಕೆಲಸ ಶುರು, ಮನೆ ಇನ್ನೂ ಸಿಕ್ಕಿಲ್ಲ. ಇವರು ಬೇಡ ಎಂದರೆ ಸಾಕು ಎಂದು ಹೊರಗೆ ಮೆಟ್ಟಿಲ ಮೇಲೆ ಇನ್ನಷ್ಟು ಜನ ಕಾದಿದ್ದಾರೆ. ಮನೆ ತೋರಿಸುವ ಹಿಲ್ಕಾ ಕಿಟಕಿಯಾಚೆ ನೋಡುತ್ತ ಕಿವಿ ಮಾತ್ರ ಒಳಗೆ ಇಟ್ಟಿದ್ದಾಳೆ. ಆ ಊರಿನಲ್ಲಿ ಇದನ್ನೇ ಮರ್ಯಾದೆ ಎನ್ನುತ್ತಾರೆ.

ಜಗಳ ನೆಲಮಾಳಿಗೆಯದು. ಕಟ್ಟಡಕ್ಕೆಲ್ಲ ಸೇರಿ ಕೆಳಗೆ ಒಂದೇ ಸೌನಾ, ಅಂದರೆ ಒಲೆಯ ಬಿಸಿಕಲ್ಲಿಗೆ ನೀರು ಚಿಮುಕಿಸಿ ಹಬೆಯಲ್ಲಿ ಬೆವರುವ ಕೋಣೆ. ಮನೆಗೊಂದರಂತೆ ವಾರಕ್ಕೊಂದು ಗಂಟೆಯ ಸರದಿ. ಈ ಮನೆಯ ಪಾಲಿಗೆ ಬಂದಿರುವುದು ಸೋಮವಾರ.

ಸಿರ್ಕಾ: ಜನ ಮನೆ ನೋಡಿ ಮನೆ ಹಿಡೀತಾರೆ. ನೀನು ನೆಲಮಾಳಿಗೆ ನೋಡಿ ಹಿಡೀತೀಯ.

ಓಯ್ವಾ: ಬೆಳಿಗ್ಗೆ ನೋಡಿದ ವೂಸಾರಿ ಮನೇಗೆ ಏನು ಕಡಿಮೆಯಾಗಿತ್ತು? ಶನಿವಾರ ಆರು ಗಂಟೆ ಸರದಿ. ಬಾಡಿಗೆ ಇನ್ನೂರು ಯೂರೋ ಕಮ್ಮಿ. ಮಗ್ಗುಲಲ್ಲೇ ಸಮುದ್ರ.

ಸಿರ್ಕಾ: ನಾನೇನು ಸಮುದ್ರಕ್ಕೆ ರವಿಕೆ ಹೊಲೀಬೇಕಾ? ಅದು ಮೆಟ್ರೋದ ಕೊಟ್ಟಕೊನೆ ಸ್ಟಾಪು. ಮೇಲಾಗಿ ಇರೋದು ಒಂದೇ ಕೋಣೆ. ನಿನ್ನ ಗೊರಕೆ ಜೊತೆ ಒಂದೇ ಕೋಣೇಲಿ ನನ್ನಿಂದ ಆಗಲ್ಲಪ್ಪ.

ಓಯ್ವಾ: ಒಂದು ಕೋಣೆ ಧಾರಾಳ ಸಾಕು. ಗೊರಕೆ ವಿಚಾರ ಬಿಡು, ಅದೇನು ದಿನಾ ಇರುತ್ತಾ.

ಸಿರ್ಕಾ: ಮದುವೆಯಾದ ರಾತ್ರಿಯಿಂದ ಒಂದು ದಿನ ತಪ್ಪಿಲ್ಲ ಮಾರಾಯ.

ಓಯ್ವಾ: ಇಲ್ಲಿ ಖರ್ಚು ನೋಡಿದೀಯಾ? ಕೆಳಗಿನ ಅಂಗಡೀಲಿ ಒಂದು ಲೋಟ ಕಾಫಿಗೆ ಐದು ಯೂರೋ. ಆ ದುಡ್ಡಿಗೆ ನಮ್ಮೂರಲ್ಲಿ ಒಂದು ಪೊಟ್ಟಣ ಪುಡಿ ಬರ್ತಿತ್ತು.

ಸಿರ್ಕಾ: ಪೊಟ್ಟಣ ಮನೇಗೆ ತಂದಿಟ್ಕೋ. ನಿನ್ನನ್ನ ಅಂಗಡಿಗೆ ಕಳಿಸಿದ್ದು ಯಾರು?

ಓಯ್ವಾ: ಮತ್ತೆ ಈ ಬೀದಿ. ಎಲ್ಲರೂ ಮಾತಾಡ್ಕೊಂಡೇ ಹೋಗ್ತಾರೆ. ಲಿಫ್ಟಲ್ಲಿ ಒಬ್ಬ ನಮಸ್ಕಾರ ಅಂದ. ನಾನೇನು ಮಾಡಿದ್ದೆ ಅವನಿಗೆ?

ಸಿರ್ಕಾ: ತಿರುಗಿ ನಮಸ್ಕಾರ ಅನ್ನಬೇಕಿತ್ತು.

ಓಯ್ವಾ: ಪರಿಚಯ ಇಲ್ಲದೋನಿಗಾ? ಇಲ್ಲಿ ನನಗೆ ಪರಿಚಯದೋರು ಒಬ್ಬರೂ ಇಲ್ಲ ಸಿರ್ಕಾ.

ಸಿರ್ಕಾ: ಊರಲ್ಲಿ ಪರಿಚಯದೋರ ಹತ್ರ ಯಾವತ್ತು ಮಾತಾಡಿದ್ದೆ? ಪಕ್ಕದ ಮನೆ ಪೆಕ್ಕಾರಿ ಜೊತೆ ಹೆಪ್ಪುಗಟ್ಟಿದ ಕೆರೆ ಮೇಲೆ ಕೂತು ದಿನಗಟ್ಟಲೆ ಮೀನು ಹಿಡೀತೀಯ. ತುಟಿ ಬಿಚ್ಚಲ್ಲ ಇಬ್ಬರೂ.

ಓಯ್ವಾ: ಮಾತಾಡದೆ ಕೂರೋದಕ್ಕೂ ಪರಿಚಯದೋರೇ ಬೇಕಲ್ವಾ.

ಅಷ್ಟರಲ್ಲಿ ಹಿಲ್ಕಾ ಗಂಟಲು ಸರಿಮಾಡಿಕೊಂಡಳು.

ಹಿಲ್ಕಾ: ನಿಮ್ಮ ಮಧ್ಯೆ ಬಾಯಿ ಹಾಕ್ತಿದೀನಿ ಅಂದ್ಕೋಬೇಡಿ. ತಗೊಳ್ಳೋದಾದ್ರೆ ನೀರಿನ ದುಡ್ಡು ಬೇರೆ. ತಲೆಗೆ ಇಪ್ಪತ್ತೈದು ಯೂರೋ, ತಿಂಗಳಿಗೆ. ಇಬ್ಬರು ಅಂತ ಬರ್ಕೊಳ್ಳಲಾ?

ಸಿರ್ಕಾ: ಹೂಂ, ಇಬ್ಬರು.

ಓಯ್ವಾ: ತಡೀರಿ. ಪೂರ್ತಿ ಇಬ್ಬರಾ?

ಹಿಲ್ಕಾ: ಅರ್ಥ ಆಗಲಿಲ್ಲ.

ಓಯ್ವಾ: ಅಲ್ಲ, ಒಬ್ಬ ಮನುಷ್ಯ ವಾರಕ್ಕೆ ಒಂದೇ ರಾತ್ರಿ ಇದ್ದು ಹೋದ್ರೆ ಅವನಿಗೂ ಪೂರ್ತಿ ತಲೆಗೆ ಹಾಕ್ತೀರಾ? ಮಿಕ್ಕ ದಿನ ಅವನು ಕಯಾನಿ ನೀರು ಕುಡೀತಾನಲ್ಲ, ಅದಕ್ಕೊಂದು ರಿಯಾಯಿತಿ ಬೇಡವಾ?

ಹಿಲ್ಕಾ ಮತ್ತೆ ಕಿಟಕಿಗೆ ಮುಖ ತಿರುಗಿಸಿದಳು. ಇಪ್ಪತ್ತೈದು ಯೂರೋ ಉಳಿಸಲು ಹೋಗಿ ಓಯ್ವಾ, ಇಷ್ಟು ದಿನ ಬಾಯಿ ಬಿಡದ ಗುಟ್ಟನ್ನು ತಾನೇ ಎತ್ತಿ ನಡುಮನೆಯಲ್ಲಿ ಇಟ್ಟಿದ್ದ.

ಸಿರ್ಕಾ: ಯಾವ ಮನುಷ್ಯ ಅದು, ವಾರಕ್ಕೊಂದು ರಾತ್ರಿ ಇರೋನು?

ಓಯ್ವಾ: ಸುಮ್ನೆ ಉದಾಹರಣೆಗೆ ಹೇಳಿದೆ.

ಸಿರ್ಕಾ: ಆ ಉದಾಹರಣೆ ಹೆಸರು ಓಯ್ವಾ ಅಂತಲಾ?

ಓಯ್ವಾ: ಶನಿವಾರ ಬೆಳಿಗ್ಗೆ ಟ್ರೇನು. ಮಧ್ಯಾಹ್ನ ಇಲ್ಲಿ. ಸಂಜೆ ಸೌನಾ. ಭಾನುವಾರ ಊಟ ಮುಗಿಸಿ ಹೊರಟರೆ ರಾತ್ರಿ ಮನೆ. ನಿನಗೂ ತೊಂದರೆ ಇಲ್ಲ, ನನಗೂ ತೊಂದರೆ ಇಲ್ಲ.

ಸಿರ್ಕಾ: ಅದಕ್ಕೇ ಒಂದು ಕೋಣೆ ಸಾಕು. ಅದಕ್ಕೇ ಶನಿವಾರ. ನನ್ನ ಜೊತೆ ಬಂದು ಇರೋ ಯೋಚನೇನೇ ಇರಲಿಲ್ಲ ನಿನಗೆ.

ಸಿರ್ಕಾಳಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಬೆಳಿಗ್ಗೆಯಿಂದ ಇವನ ಕಾಲಿಗೆ ಹಿತವಾಗಲೆಂದು ಲಿಫ್ಟ್ ಇಲ್ಲದ ಮನೆಗಳನ್ನೆಲ್ಲ ಬಿಟ್ಟು ಬಂದಿದ್ದಳು. ಇವನೋ ನೆಂಟನ ಹಾಗೆ ಬಂದು ಹೋಗುವ ಲೆಕ್ಕ ಹಾಕಿದ್ದ.

ಸಿರ್ಕಾ: ಹಿಲ್ಕಾ, ಒಬ್ಬರು ಅಂತ ಬರೀರಿ. ಮನೆ ತಗೊಂಡೆ. ಎಲ್ಲಿ ಸಹಿ ಹಾಕ್ಲಿ?

ಹಿಲ್ಕಾ: ಇಲ್ಲಿ ಹಾಕಿ. ಹಾಂ, ಆಯ್ತು. ನೀರಿಗೆ ಇಪ್ಪತ್ತೈದು. ಬೀಗದ ಕೈ ಒಂದು.

ಓಯ್ವಾ: ಮತ್ತೆ ನಾನು ಬಂದಾಗ?

ಹಿಲ್ಕಾ: ಅತಿಥಿಗಳಿಗೆ ದುಡ್ಡಿಲ್ಲ.

ಓಯ್ವಾ: ನೋಡಿದ್ಯಾ ಸಿರ್ಕಾ? ಬಾಯಿಬಿಟ್ಟು ಕೇಳಿದ್ದಕ್ಕೆ ಪೂರ್ತಿ ಮಾಫಿ.

ಸಿರ್ಕಾ: ಬಾ, ಧಾರಾಳವಾಗಿ ಬಾ. ಶನಿವಾರ ಬಂದು ಬೆಲ್ ಒತ್ತು. ನಾನಂತೂ ಇರಲ್ಲ.

ಓಯ್ವಾ: ಇರದೆ ಎಲ್ಲಿಗೆ ಹೋಗ್ತೀಯ?

ಸಿರ್ಕಾ: ನಾಟಕಶಾಲೆಗೆ. ಜನ ನಾಟಕಕ್ಕೆ ಬರೋದೇ ಶನಿವಾರ, ಭಾನುವಾರ ಕಣೋ. ಶನಿವಾರ ಎರಡು ಆಟ, ಭಾನುವಾರ ಒಂದು. ಹರಿದಿದ್ದು ಹೊಲೀಬೇಕು, ಬಿಚ್ಚಿದ್ದು ಕಟ್ಟಬೇಕು. ನನಗೆ ರಜ ಇರೋದು ಸೋಮವಾರ. ಸೋಮವಾರ ಸಂಜೆ ಈ ಮನೆ ಸೌನಾದಲ್ಲಿ ಕಾಲು ಚಾಚಿ ಕೂತಿರ್ತೀನಿ, ಒಬ್ಬಳೇ.

ಓಯ್ವಾ ತಲೆ ಬಗ್ಗಿಸಿ ತನ್ನ ನೀಲಿ ಚೀಲದ ಕಾಲುಗಳನ್ನೇ ನೋಡುತ್ತ ನಿಂತ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಸಿರ್ಕಾಳಿಗೆ ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾನೆಂದು ಗೊತ್ತಾಯಿತು. ಅವಳೂ ತಡೆಯಲಿಲ್ಲ.

ಓಯ್ವಾ: ಹಿಲ್ಕಾ, ಇಬ್ಬರು ಅಂತ ಬರೀರಿ.

ಸಿರ್ಕಾ: ಏನು, ಇಪ್ಪತ್ತೈದು ಯೂರೋ ಭಾರ ಆಗಲ್ವಾ?

ಓಯ್ವಾ: ಟ್ರೇನಿಗೆ ವಾರವಾರ ದುಡ್ಡು ಹಾಕೋದು. ಇಷ್ಟು ದೂರ ಬಂದು ನಿನ್ನ ಮುಖ ನೋಡದೆ ವಾಪಸ್ ಹೋಗೋದು. ಅದು ದಂಡ. ಅದಕ್ಕಿಂತ ಇಲ್ಲೇ ಇದ್ದು ನೀರಿಗೆ ಕಟ್ಟೋದೇ ಅಗ್ಗ.

ಹಿಲ್ಕಾ: ಮನೆ ಈಗ ಇವರ ಹೆಸರಲ್ಲಿದೆ. ಇನ್ನೊಂದು ತಲೆ ಸೇರಿಸಬೇಕಾದ್ರೆ ಇವರೇ ಒಪ್ಪಬೇಕು.

ಓಯ್ವಾ: ಸಿರ್ಕಾ?

ಸಿರ್ಕಾ: ಏನವಸರ. ಮೆಟ್ಟಿಲ ಮೇಲೆ ಇನ್ನೂ ನಾಲ್ಕು ಜನ ಕಾಯ್ತಿದಾರಲ್ಲ, ಅವರನ್ನೂ ಒಂದ್ಸಲ ನೋಡಿ ಹೇಳ್ತೀನಿ.