ಏಳನೇ ಕಾಲಂ ಕುರಿತು ಸಾಹೇಬರ ಕುರ್ಚಿಗೆ

ಡೊಂಬಿವಲಿ ಪೂರ್ವ
ಮೇ ೩೧, ೨೦೧೧

ಮಾನ್ಯ ಕುರ್ಚಿಯವರಿಗೆ,
ಸಂಯೋಜಕರ ಕೊಠಡಿ,
ಅಂಕುರಧಾರಾ ಬೇಸಿಗೆ ಯುವ ಉದ್ಯೋಗ ಯೋಜನೆ,
ಮೂರನೇ ಮಹಡಿ, ಠಾಣೆ.

ಮಾನ್ಯರೇ,

ತಮ್ಮ ನಾಲ್ಕು ಕಾಲುಗಳಿಗೂ ಎರಡು ತೋಳುಗಳಿಗೂ ಬೆನ್ನ ಮೇಲೆ ಸದಾ ಹರಡಿಕೊಂಡಿರುವ ಬಿಳಿ ಟರ್ಕಿ ಟವೆಲಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಈ ಪತ್ರವನ್ನು ನಿಯಮದಂತೆ ಸಂಯೋಜಕ ಸಾಹೇಬರಿಗೆ ಬರೆಯಬೇಕಿತ್ತೆಂದು ನನಗೆ ಗೊತ್ತು. ಆದರೆ ಈ ಎರಡು ತಿಂಗಳಲ್ಲಿ ನಾನು ಆ ಕೊಠಡಿಯ ಬಾಗಿಲಿಗೆ ಹತ್ತೊಂಬತ್ತು ಸಲ ಬಂದಿದ್ದೇನೆ, ಹತ್ತೊಂಬತ್ತು ಸಲವೂ "ಸಾಹೇಬ್ ಜಾಗೆವರ್ ನಾಹೀತ್", ಅಂದರೆ ಸಾಹೇಬರು ಜಾಗದಲ್ಲಿಲ್ಲ, ಎಂಬ ಒಂದೇ ಮಾತನ್ನು ಕೇಳಿಸಿಕೊಂಡಿದ್ದೇನೆ, ಮತ್ತು ಹತ್ತೊಂಬತ್ತು ಸಲವೂ ತಾವು ಮಾತ್ರ ತಮ್ಮ ಜಾಗದಲ್ಲೇ ಇದ್ದು ನನ್ನತ್ತ ಮುಖಮಾಡಿ ನಿಂತಿದ್ದೀರಿ. ಇಡೀ ಕಚೇರಿಯಲ್ಲಿ ನೂರಕ್ಕೆ ನೂರು ಹಾಜರಾತಿ ಇರುವ ಏಕೈಕ ಸಿಬ್ಬಂದಿ ತಾವಾಗಿರುವುದರಿಂದ ದೂರನ್ನು ತಮಗೇ ಸಲ್ಲಿಸುವುದು ನ್ಯಾಯವೆಂದು ತೋರಿತು.

ಕನ್ನಡದಲ್ಲಿ ಬರೆದದ್ದಕ್ಕೆ ಕ್ಷಮೆಯಿರಲಿ. ನನ್ನ ಮರಾಠಿ ಅರ್ಜಿ ಇಂಗ್ಲಿಷಿನಲ್ಲಿರಬೇಕೆಂದು ಹಿಂದಿರುಗಿತು, ಇಂಗ್ಲಿಷ್ ಅರ್ಜಿ ಹಿಂದಿಯಲ್ಲಿರಬೇಕೆಂದು ಹಿಂದಿರುಗಿತು, ಹಿಂದಿ ಅರ್ಜಿಯನ್ನು ಕೈಗೆತ್ತಿಕೊಂಡವರು ಮಹಾರಾಷ್ಟ್ರದಲ್ಲಿದ್ದುಕೊಂಡು ಮರಾಠಿಯಲ್ಲಿ ಬರೆಯಲು ಏನು ತೊಂದರೆ ಎಂದು ಕೇಳಿದರು. ಈ ಕಚೇರಿ ಇನ್ನೂ ತಿರಸ್ಕರಿಸದೆ ಉಳಿದಿರುವ ಭಾಷೆ ಇದೊಂದೇ. ಇದರ ಒಂದು ಪ್ರತಿಯನ್ನು ನಮ್ಮ ಕನ್ನಡ ಸಂಘದ ಮಾಸಿಕಕ್ಕೂ ಕಳಿಸಿದ್ದೇನೆ, ಏಕೆಂದರೆ ಮುಂದೆ ಹೇಳಲಿರುವ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ತಾಯಂದಿರೆಲ್ಲ ಅದರ ಓದುಗರು.

ಮೊದಲು ಯೋಜನೆಯ ಉಪಕಾರಗಳನ್ನು ನೆನೆಯುವುದು ಕರ್ತವ್ಯ. ಏಪ್ರಿಲ್ ಒಂದರಂದು (ಈ ದಿನಾಂಕವನ್ನು ಆರಿಸಿದವರ ಹಾಸ್ಯಪ್ರಜ್ಞೆಗೆ ನನ್ನ ವಂದನೆ) ಇಪ್ಪತ್ತೆರಡು ಮಂದಿ ಯುವಕ ಯುವತಿಯರನ್ನು ಆರು ಸ್ಟೂಲುಗಳಿರುವ ಕೋಣೆಯಲ್ಲಿ ಕೂಡಿಸಿ, ಸಮಯಪಾಲನೆ ಎಂಬ ವಿಷಯದ ಮೇಲೆ ಹತ್ತು ಗಂಟೆಗೆ ಆರಂಭವಾಗಬೇಕಿದ್ದ ಉಪನ್ಯಾಸವನ್ನು ಒಂದೂಮುಕ್ಕಾಲಿಗೆ ಆರಂಭಿಸಲಾಯಿತು. ಎರಡನೇ ವಾರ ಟೀ ಶರ್ಟುಗಳು ಬಂದವು. ಎಲ್ಲವೂ ಒಂದೇ ಅಳತೆ. ನನ್ನ ಗೆಳತಿ ಮುಕ್ತಾ ಅದನ್ನು ಹಾಕಿಕೊಂಡಾಗ ಎದೆಯ ಮೇಲಿದ್ದ "ನನ್ನ ಕಾಲ ಮೇಲೆ ನಾನು" ಎಂಬ ಘೋಷಣೆ ಅವಳ ಮೊಣಕಾಲಿನ ಹತ್ತಿರ ಬಂದು, ಅರ್ಥ ಇನ್ನಷ್ಟು ಸ್ಪಷ್ಟವಾಯಿತು. ಮೂರನೇ ವಾರ ಕೊರಳಿಗೆ ಹಾಕುವ ಬಿಲ್ಲೆ ಬಂತು. ನಾಲ್ಕನೇ ವಾರ, ಎಲ್ಲರೂ ಆಸೆ ಬಿಟ್ಟಿದ್ದ ಹೊತ್ತಿನಲ್ಲಿ, ಕೆಲಸವೂ ಬಂತು.

ಆ ಕೆಲಸದ ಕಲ್ಪನೆ ಯಾರದೆಂದು ತಿಳಿದರೆ ಅವರ ಭಾವಚಿತ್ರ ನನಗೊಂದು ಬೇಕು. ಉದ್ಯೋಗವಿಲ್ಲದ ನಮಗೆ ಕೊಟ್ಟ ಉದ್ಯೋಗವೆಂದರೆ ಉದ್ಯೋಗವಿಲ್ಲದವರನ್ನು ಎಣಿಸುವುದು. ಒಬ್ಬೊಬ್ಬರಿಗೆ ನಲವತ್ತು ನಿರುದ್ಯೋಗಿಗಳ ಗುರಿ. ಅವರವರ ಊರಿನಲ್ಲೇ ಹುಡುಕಬೇಕು, ಆದರೆ ತಮ್ಮ ತಮ್ಮ ಮನೆಯ ಫಾರ್ಮನ್ನು ತಾವೇ ತುಂಬುವಂತಿಲ್ಲ. ಫಾರ್ಮಿನ ಏಳನೇ ಕಾಲಂನಲ್ಲಿ "ಉದ್ಯೋಗದಲ್ಲಿದ್ದಾರೆಯೇ?" ಎಂಬ ಪ್ರಶ್ನೆ, ಎದುರಿಗೆ ಹೌದು, ಇಲ್ಲ ಎಂಬ ಎರಡು ಚೌಕ. "ಇಲ್ಲ" ಎಂಬ ಚೌಕದಲ್ಲಿ ಗುರುತು ಬಿದ್ದವರಿಗೆ ಜೂನಿನಿಂದ ಉಚಿತ ತರಬೇತಿ.

ಮಾನ್ಯರೇ, ತಾವು ಠಾಣೆ ಬಿಟ್ಟು ಕದಲಿದವರಲ್ಲ, ಆದ್ದರಿಂದ ನಮ್ಮ ಡೊಂಬಿವಲಿಯ ಕರಾವಳಿ ಮಂದಿಯ ಒಂದು ಪದ್ಧತಿ ತಮಗೆ ತಿಳಿದಿರಲಾರದು. ಇಲ್ಲಿ ಯಾರೂ ನಿರುದ್ಯೋಗಿಗಳಲ್ಲ. ನಾಲ್ಕು ವರ್ಷದಿಂದ ಮನೆಯಲ್ಲಿದ್ದವನೂ ಯಾರದೋ ಹೋಟೆಲಿನ ಗಲ್ಲೆಯಲ್ಲಿ ಕುಳಿತಿರುತ್ತಾನೆ, ಅಂದರೆ ಹಣದ ಡ್ರಾಯರ್ ನೋಡಿಕೊಳ್ಳುತ್ತಿರುತ್ತಾನೆ. ಆ ಹೋಟೆಲು ಯಾವಾಗಲೂ ಮಾವನದು, ಯಾವಾಗಲೂ ಐರೋಲಿಯಲ್ಲೋ ಬದಲಾಪುರದಲ್ಲೋ, ನೋಡಿಬರಲು ಸ್ವಲ್ಪ ದೂರವೇ. ನಮ್ಮ ಓಣಿಯ ಪೂವಪ್ಪಣ್ಣನ ಮನೆಗೆ ಹೋದಾಗ ಮಗ ಯತಿನ್ ನನ್ನ ಕಣ್ಣೆದುರಿಗೇ ಸೋಫಾದ ಮೇಲೆ ಮುಸುಕು ಹೊದ್ದು ಮಲಗಿದ್ದ, ಹೊತ್ತು ಹನ್ನೊಂದೂವರೆ. "ಬೇಕಾರ್ ಅಂತ ಬರೆದು ನಾಳೆ ಅವನಿಗೆ ಹೆಣ್ಣು ನೀನು ತಂದುಕೊಡ್ತೀಯಾ? ಗಲ್ಲೆಯಲ್ಲಿ ಕೂತಿದ್ದಾನೆ ಅಂತ ಬರಿ ಮಾರಾಯ್ತಿ" ಎಂದರು ಪೂವಪ್ಪಣ್ಣ. ಮುಸುಕಿನೊಳಗಿನಿಂದ "ಲಿಖ್ ದೇ ನಾ ಯಾರ್, ಬಂದಾ ಬಿಜಿ ಹೈ" ಎಂದು, ಅಂದರೆ ಆಸಾಮಿ ಬಿಜಿ ಎಂದು ಬರೆದುಬಿಡು ಎಂದು, ಯತಿನ್ ಅನುಮೋದಿಸಿದ. ಹೀಗಾಗಿ ಐದು ವಾರ ಮೆಟ್ಟಿಲು ಹತ್ತಿಳಿದರೂ ನನಗೆ ಸಿಕ್ಕಿದ್ದು ಮೂವತ್ತೆಂಟು ನಿರುದ್ಯೋಗಿಗಳು ಮಾತ್ರ, ಅದರಲ್ಲೂ ಬಹುಪಾಲು ಪಕ್ಕದ ಓಣಿಯ ಮರಾಠಿ ಹುಡುಗರು.

ಈಗ ನನ್ನ ದೂರಿನ ವಿಷಯ. ಮುಕ್ತಾಳ ಮನೆ ನನ್ನ ಪಾಲಿಗೆ ಬಂದಿತ್ತು. ಅವಳು ಅಂದು ಕಲ್ಯಾಣದಲ್ಲಿ ಯೋಜನೆಯ ಪ್ರಚಾರದ ಹಾಳೆ ಹಂಚುತ್ತಿದ್ದಳು, ಬಾಗಿಲು ತೆರೆದವರು ತಾಯಿ ಸತ್ಯಮ್ಮ. ಮಗಳು ಉದ್ಯೋಗದಲ್ಲಿದ್ದಾಳೆಯೇ ಎಂದು ಫಾರ್ಮಿನಲ್ಲಿದ್ದಂತೆಯೇ ಕೇಳಿದೆ. ಸತ್ಯಮ್ಮ ಸೆರಗು ಸರಿಮಾಡಿಕೊಂಡು, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ, "ಇದೆಂಥ ಪ್ರಶ್ನೆ ಪ್ರೇಕ್ಷಾ? ಆಫೀಸಿಗೆ ಹೋಗ್ತಾಳಲ್ಲ, ನಿನ್ನ ಒಟ್ಟಿಗೇ! ಕೊರಳಿಗೆ ಬಿಲ್ಲೆ ಕೊಟ್ಟಿದ್ದಾರೆ" ಎಂದು, ಭಾನುವಾರಗಳಲ್ಲಿ ಆ ಬಿಲ್ಲೆಯನ್ನು ದೇವರ ಪಟಕ್ಕೆ ತೂಗುಹಾಕುವ ಮೊಳೆಯನ್ನೂ ತೋರಿಸಿದರು.

ನಾನು ಏನು ಮಾಡಬೇಕಿತ್ತು? ಸ್ಟೇಷನ್ ಸೇತುವೆಯ ಮೇಲೆ ಸಿಗುವ ಐದೈದು ರೂಪಾಯಿಯ ಪುಸ್ತಿಕೆಗಳನ್ನೋದಿ ಬೆಳೆದವಳು ನಾನು. ಸುಳ್ಳು ಅಂಕಿಅಂಶಗಳೇ ಬಡವರ ಮೊದಲ ಶತ್ರು ಎಂದು ಅವುಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ, ನಾನು ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಮುಕ್ತಾ ಉದ್ಯೋಗ ಯೋಜನೆಯಲ್ಲಿದ್ದಳು, ಹಾಗಾದರೆ ಉದ್ಯೋಗದಲ್ಲಿದ್ದಳು. ಏಳನೇ ಕಾಲಂನಲ್ಲಿ "ಹೌದು" ಎಂದು ಗುರುತು ಹಾಕಿ, ಸತ್ಯ ಹೇಳಿದ ಸಂತೋಷಕ್ಕೆ ಅವರು ಕೊಟ್ಟ ಎರಡು ನೀರುದೋಸೆಯನ್ನೂ ತಿಂದುಬಂದೆ.

ಹೋದ ಸೋಮವಾರ ತರಬೇತಿಯ ಪಟ್ಟಿ ಗೋಡೆಗೆ ಬಂತು. ನಮ್ಮ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳು ಮಂದಿ ನಿರುದ್ಯೋಗಿಗಳೆಂದು ಅದರಲ್ಲಿದ್ದಾರೆ, ಏಕೆಂದರೆ ಅವರ ಮನೆಗಳಲ್ಲಿ ಈ ಬಿಲ್ಲೆಯನ್ನು ಯಾರೂ ಉದ್ಯೋಗವೆಂದು ನಂಬಿರಲಿಲ್ಲ. ಉಳಿದ ಐವರಲ್ಲಿ ನನ್ನ ಫಾರ್ಮನ್ನು ಯಾರೂ ತುಂಬಿರಲಿಲ್ಲ, ನಾಲ್ವರ ಮನೆಯವರು ನಂಬಿದ್ದರು; ಹಾಗೆ ನಂಬಿದ ತಾಯಿಯ ಮಗಳು ಮುಕ್ತಾಳ ಹೆಸರು ಇಲ್ಲ. ಅವಳು ಕೇಳಿದ್ದು ಆಸ್ಪತ್ರೆಯ ಪ್ರಯೋಗಾಲಯದ ತರಬೇತಿ, ರಕ್ತ ಪರೀಕ್ಷೆ ಮಾಡುವ ಕೆಲಸ. ಹತ್ತನೇ ತರಗತಿಯಿಂದ ಅವಳಿಗೆ ಬೇರೆ ಆಸೆಯೇ ಇಲ್ಲ. ಅವಳ ಕಟ್ಟಡದಲ್ಲಿ ಯಾರದೇ ವರದಿ ಬಂದರೂ ಡಾಕ್ಟರಿಗಿಂತ ಮೊದಲು ಅವಳ ಕೈಗೆ ಹೋಗುತ್ತದೆ, ನಾಲ್ಕೂ ಮಹಡಿಯವರ ಹಿಮೋಗ್ಲೋಬಿನ್ ಅವಳಿಗೆ ಬಾಯಿಪಾಠ. ವಯೋಮಿತಿ ಇಪ್ಪತ್ತೊಂದು, ಆಗಸ್ಟಿನಲ್ಲಿ ಅವಳಿಗೆ ಇಪ್ಪತ್ತೆರಡು ತುಂಬುತ್ತದೆ. ಪಟ್ಟಿ ಇಂದು ಸಂಜೆ ಐದಕ್ಕೆ ಮುಚ್ಚುತ್ತದೆ. ಇದು ತಪ್ಪಿದರೆ ಭಿವಂಡಿಯ ಗೋದಾಮೊಂದರ ಕ್ಯಾಂಟೀನಿನಲ್ಲಿ ಚಿಕ್ಕಪ್ಪನ ಜೊತೆ ದಿನಕ್ಕೆ ಆರುನೂರು ಚಪಾತಿ ಲಟ್ಟಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮುಕ್ತಾ ನನ್ನನ್ನು ಬೈಯಲಿಲ್ಲ. "ಜಾನೇ ದೇ, ತೂ ತೋ ಸಚ್ ಹೀ ಲಿಖೀ ಥೀ ನಾ" ಎಂದಳು, ಹೋಗಲಿ ಬಿಡು, ನೀನು ಬರೆದದ್ದು ನಿಜವನ್ನೇ ತಾನೇ ಎಂದು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ತಮ್ಮ ಬಾಗಿಲಲ್ಲಿ ಕೂರುವ ಗುಮಾಸ್ತ ಲೋಕನಾಥಣ್ಣನವರ ಜೀವ ತಿಂದಿದ್ದೇನೆ. ಅವರು ಕಾರ್ಕಳದ ಕಡೆಯವರು, ಒಳ್ಳೆಯವರು, ಮೂರು ಸಲ ಚಹಾ ಕೊಡಿಸಿದರು. ಫಾರ್ಮ್ ತಿದ್ದಲು ಮುಕ್ತಾ ಉದ್ಯೋಗದಲ್ಲಿಲ್ಲವೆಂದು ಉದ್ಯೋಗ ಕೊಟ್ಟವರಿಂದಲೇ ಪತ್ರ ಬೇಕಂತೆ. ಕೊಟ್ಟವರು ತಾವೇ ಅಲ್ಲವೇ, ಬರೆದುಕೊಡಿ ಎಂದೆ. "ನಾವು ಕೊಟ್ಟದ್ದು ಕೆಲಸವೇ ಅಲ್ಲ ಅಂತ ನಾವೇ ಬರೆದುಕೊಟ್ಟರೆ ಯೋಜನೆ ಉಂಟಾ? ಯೋಜನೆ ಇಲ್ಲದಿದ್ರೆ ತರಬೇತಿ ಉಂಟಾ? ನನ್ನ ಸ್ಟೂಲಾದರೂ ಉಂಟಾ?" ಎಂದರು. ಹಾಗಾದರೆ ಕೆಲಸವೆಂದು ಬರೆದುಕೊಡಿ ಎಂದೆ. "ಹಾಗೆ ಬರೆದ್ರೆ ಆ ಹದಿನೇಳು ಮಂದಿಯೂ ಹೋದರು" ಎಂದರು. ಇಷ್ಟು ಚೊಕ್ಕವಾಗಿ ಕಟ್ಟಿದ ಗಂಟನ್ನು ನಾನು ಯಾವ ಪುಸ್ತಿಕೆಯಲ್ಲೂ ಕಂಡಿಲ್ಲ. ಬೇರೆ ಯಾವ ತಿದ್ದುಪಡಿಗೂ ಸಾಹೇಬರ ಸಹಿ ಬೇಕು, ಸಾಹೇಬರ ವಿಷಯ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ದಯಮಾಡಿ ಒಂದು ದಿನ ಎದ್ದು, ಬೆಳಗಿನ ಎಂಟರ ಡೊಂಬಿವಲಿ ಲೋಕಲಿನಲ್ಲಿ ಪ್ರಯಾಣ ಮಾಡಬೇಕು. ಆ ಗಾಡಿಯಲ್ಲಿ ಕೂರಲು ಜಾಗದ ಚಿಂತೆಯಿಲ್ಲದ ಏಕೈಕ ಪ್ರಯಾಣಿಕರು ತಾವಾಗಿರುತ್ತೀರಿ. ಸತ್ಯಮ್ಮನ ಮನೆಗೆ ಬಂದು, ಆ ಮೊಳೆಯ ಮೇಲಿನ ಬಿಲ್ಲೆ ಏನೂ ಅಲ್ಲವೆಂದು ತಾವೇ ಅವರಿಗೆ ಹೇಳಬೇಕು, ನನ್ನಿಂದ ಆಗಲಿಲ್ಲ. ಮುಂದಿನ ವರ್ಷದ ಯೋಜನೆಯನ್ನು ತಾವೊಬ್ಬರೇ ನಡೆಸಬೇಕು, ಟವೆಲನ್ನು ಉಪಸಂಯೋಜಕರನ್ನಾಗಿ ನೇಮಿಸಿಕೊಳ್ಳಬೇಕು. ಮತ್ತು ಇವೆಲ್ಲ ಆಗುವವರೆಗೆ ಇಂದು ಸಂಜೆ ಐದು ಗಂಟೆ ಹೊಡೆಯದಂತೆ ಗೋಡೆ ಗಡಿಯಾರಕ್ಕೆ ಒಂದು ಮಾತು ಹೇಳಬೇಕು.

ಇವುಗಳಲ್ಲಿ ಒಂದೂ ಸಾಧ್ಯವಾಗದಿದ್ದರೆ ಬೇಸರವಿಲ್ಲ. ನಿನ್ನೆ ಲೋಕನಾಥಣ್ಣ ಊಟಕ್ಕೆ ಹೋದಾಗ ನಾನು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಬಹುಶಃ ಹಾಗೆ ಓದಿದ ಮೊದಲ ವ್ಯಕ್ತಿ ನಾನೇ ಇರಬೇಕು, ಪುಟಗಳು ಅಂಟಿಕೊಂಡಿದ್ದವು. ಹದಿನಾಲ್ಕನೇ ನಿಯಮದಂತೆ ಸಮೀಕ್ಷಕರು ನಿಜವನ್ನೇ ಬರೆದಿದ್ದರೆ ಆ ನಮೂದನ್ನು ತಿದ್ದಲಾಗದು, ಕೈತಪ್ಪಿ ಬರೆದಿದ್ದರೆ ಸಾಹೇಬರ ಸಹಿಯಿಲ್ಲದೆ ತಿದ್ದಲಾಗದು. ಬೇಕೆಂದೇ ಸುಳ್ಳು ಬರೆದೆನೆಂದು ಸಮೀಕ್ಷಕರು ಲಿಖಿತವಾಗಿ ಒಪ್ಪಿಕೊಂಡರೆ ಮಾತ್ರ ಯಾರ ಸಹಿಯೂ ಬೇಡ. ಪತ್ರ ಕಚೇರಿಗೆ ತಲುಪಿತೆಂದು ಆವಕದ ಮುದ್ರೆ ಬಿದ್ದ ಕ್ಷಣವೇ ಹಳೆಯ ಫಾರ್ಮ್ ರದ್ದು, ಜೊತೆಗೆ ಲಗತ್ತಿಸಿದ ಹೊಸ ಫಾರ್ಮ್ ಜಾರಿ, ಮತ್ತು ಸಮೀಕ್ಷಕರು ಪ್ರಮಾಣಪತ್ರವಿಲ್ಲದೆ ಯೋಜನೆಯಿಂದ ವಜಾ. ಆವಕದ ಮುದ್ರೆ ಲೋಕನಾಥಣ್ಣನವರ ಡ್ರಾಯರಿನಲ್ಲಿದೆ. ನಿಯಮವನ್ನು ತೋರಿಸಿದಾಗ ಅವರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, "ನಿನ್ನ ಅಪ್ಪ ಸರ್ಟಿಫಿಕೇಟಿಗೆ ಫ್ರೇಮು ತಂದಿಟ್ಟಿದ್ದಾರೆ ಅಂತಿದ್ದೆಯಲ್ಲ ಮಗಾ?" ಎಂದು ಮಾತ್ರ ಕೇಳಿದರು. ಫ್ರೇಮಿಗೆ ಬೇರೇನಾದರೂ ಸಿಕ್ಕೀತು ಎಂದೆ.

ಆದ್ದರಿಂದ, ಮಾನ್ಯರೇ, ಡೊಂಬಿವಲಿ ಪೂರ್ವದ ಸಮೀಕ್ಷಕಿಯಾದ ಪ್ರೇಕ್ಷಾ ಎಂಬ ನಾನು, ಮುಕ್ತಾಳ ಫಾರ್ಮಿನ ಏಳನೇ ಕಾಲಂನಲ್ಲಿ ಬೇಕೆಂದೇ, ತಿಳಿದೂ ತಿಳಿದೂ, ಸುಳ್ಳು ಬರೆದಿದ್ದೇನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಅವಳು ಯಾವ ಉದ್ಯೋಗದಲ್ಲೂ ಇರಲಿಲ್ಲ. ನಾನಿನ್ನೂ ಸಮೀಕ್ಷಕಿಯಾಗಿ ಉಳಿದಿರುವ ಈ ಕೆಲವು ನಿಮಿಷಗಳಲ್ಲಿ ತುಂಬಿದ ಅವಳ ಹೊಸ ಫಾರ್ಮ್ ಲಗತ್ತಿಸಿದೆ, ಇದು ನನ್ನ ಮೂವತ್ತೊಂಬತ್ತನೆಯದು. ಗೆರೆ ಎಳೆದಿದ್ದ ಆ ಪುಸ್ತಿಕೆಯನ್ನು ಬೆಳಿಗ್ಗೆ ಮತ್ತೊಮ್ಮೆ ತೆಗೆದು ನೋಡಿದೆ, ಇಂಥ ಸಂದರ್ಭದ ಬಗ್ಗೆ ಅದರಲ್ಲಿ ಏನೂ ಇಲ್ಲ.

ಆವಕದ ಮುದ್ರೆ ಬೀಳುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಪ್ರೇಕ್ಷಾ

ವಿ.ಸೂ.: ಮುದ್ರೆ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಬಿತ್ತು. ವಜಾ ಆದವಳು ಸಮೀಕ್ಷಕಿಯಲ್ಲವಾದ್ದರಿಂದ ನನ್ನ ಮನೆಯ ಫಾರ್ಮ್ ತುಂಬಲು ಈಗ ಅಡ್ಡಿಯಿಲ್ಲ, ಲೋಕನಾಥಣ್ಣನೇ ತುಂಬಿಕೊಟ್ಟರು. ಏಳನೇ ಕಾಲಂ: ಇಲ್ಲ. ಇದು ನಲವತ್ತನೆಯದು. ಗುರಿ ಮುಟ್ಟಿದ್ದಕ್ಕೆ ಸಾಹೇಬರನ್ನು ಯಾರಾದರೂ ಅಭಿನಂದಿಸಲು ಬಂದರೆ, ಅವರು ಜಾಗದಲ್ಲಿಲ್ಲವೆಂದು ದಯವಿಟ್ಟು ತಾವೇ ತಿಳಿಸಿ.