ಟ್ಯಾಂಕ್, ಸೋವಿಯತ್, ಹಸಿರು, ಸಂಖ್ಯೆ ಒಂದು

ಪುರಸಭೆಗೆ ಯುದ್ಧದ ಟ್ಯಾಂಕ್ ಬಂದದ್ದು ಒಂದು ಮಂಗಳವಾರ, ಗುತ್ತಿಗೆದಾರರ ಕಡೆಯವನ ಸೈಕಲ್ಲಿನ ಕ್ಯಾರಿಯರ್ ಮೇಲೆ. ಅಂದು ಬೇರೆ ವಿಶೇಷವೇನೂ ಇರಲಿಲ್ಲ. ನಲ್ಲಿಯಲ್ಲಿ ಎಂದಿನಂತೆ ನೀರು ಬಂದು ಎಂದಿನಂತೆ ನಿಂತಿತ್ತು. ಪುರಸಭೆಯ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಜನನ ಮರಣ ವಿಭಾಗದ ಕಿಟಕಿಯ ಮುಂದೆ ನಿಂತು, ತಮ್ಮ ಹೆಂಡತಿಯ ಮರಣ ಪತ್ರದಲ್ಲಿ ತಪ್ಪಾಗಿ ಬಿದ್ದಿದ್ದ ವಯಸ್ಸನ್ನು ಸರಿಮಾಡಿಕೊಡಲು ಕೇಳುತ್ತಿದ್ದರು. ಪತ್ರದ ಪ್ರಕಾರ ತೀರಿಕೊಂಡಾಗ ಆಕೆಗೆ ನಾಲ್ಕು ವರ್ಷ. ನಿಜವಾಗಿ ನಲವತ್ತನಾಲ್ಕು.

"ಇದ್ರಿಂದ ನಿಮಗೆ ಏನು ತೊಂದ್ರೆ ಆಗ್ತಿದೆ, ಅದನ್ನ ಹೇಳಿ" ಎಂದು ಗುಮಾಸ್ತರು ಕೇಳಿದರು.

ಮೇಷ್ಟ್ರು ಯೋಚಿಸತೊಡಗಿದರು. ಅಷ್ಟರಲ್ಲಿ ಸೈಕಲ್ ಒಳಗೆ ಬಂತು.

ಟ್ಯಾಂಕಿಗೆ ಹಿನ್ನೆಲೆಯಿತ್ತು. ಪಕ್ಕದ ಊರಿನವರು ತಮ್ಮ ವೃತ್ತದಲ್ಲಿ ಒಂದು ಹಳೆಯ ವಿಮಾನವನ್ನು ನಿಲ್ಲಿಸಿದ್ದರು. ಅದರ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದುದು ಈ ಊರಿನ ಅಧ್ಯಕ್ಷರ ನಿದ್ದೆ ಕೆಡಿಸಿತ್ತು. ವಿಮಾನಕ್ಕಿಂತ ತೂಕವಾದದ್ದು ಏನಾದರೂ ಬೇಕೆಂದು ಅವರು ಸಭೆ ಕರೆದರು. ಕೆಸರಿನಲ್ಲಿ ಹೂತುಹೋಗದ ವಾಹನವೆಂದರೆ ಸೋವಿಯತ್ ಟ್ಯಾಂಕ್ ಒಂದೇ ಎಂದೂ, ಊರಿನ ರಸ್ತೆಗಳನ್ನು ಗಮನಿಸಿದರೆ ಅದೇ ಸೂಕ್ತವೆಂದೂ ಒಬ್ಬ ಸದಸ್ಯರು ಸೂಚಿಸಿದರು.

"ಆ ದೇಶವೇ ಈಗ ಇಲ್ವಲ್ಲ" ಎಂದರು ಇನ್ನೊಬ್ಬರು.

"ಒಳ್ಳೇದೇ ಆಯ್ತು. ವಾಪಸ್ ಕೇಳೋರು ಇರಲ್ಲ" ಎಂದರು ಅಧ್ಯಕ್ಷರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಟೆಂಡರಿನಲ್ಲಿ ದೇಶ, ಬಣ್ಣ, ಚಕ್ರಗಳ ಸಂಖ್ಯೆ, ತೋಪು ಯಾವ ದಿಕ್ಕಿಗೆ ತಿರುಗಬೇಕು ಎಂಬುದೆಲ್ಲ ಇತ್ತು. ಗಾತ್ರ ಮಾತ್ರ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆದು ಕಾಗದ ಹಾಳುಮಾಡಬಾರದು ಎಂಬುದು ಆ ಕಚೇರಿಯ ಹಳೆಯ ಪದ್ಧತಿ. ಟ್ಯಾಂಕ್ ಎಷ್ಟು ದೊಡ್ಡದಿರುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ?

ಮುಖ್ಯಾಧಿಕಾರಿಗಳು ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಹಸಿರು ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡಂತೆ ಚಕ್ರಗಳು, ಸರಳುಗಳು, ಮುಚ್ಚಳಗಳು ಇದ್ದವು.

"ಸ್ವಲ್ಪ ಚಿಕ್ಕದು ಅನ್ನಿಸಲ್ವಾ?"

"ಬಿಡಿಬಿಡಿಯಾಗಿದೆ ಸಾರ್. ಜೋಡಿಸಿದ್ರೆ ದೊಡ್ಡದಾಗುತ್ತೆ" ಎಂದ ಸೈಕಲ್ಲಿನವನು.

ಮುಖ್ಯಾಧಿಕಾರಿಗಳಿಗೆ ಬೇರೆ ದಾರಿಯೂ ಇರಲಿಲ್ಲ. ಬಿಲ್ ಹಿಂದಿನ ವಾರವೇ ಪಾಸಾಗಿತ್ತು. ಬಿಲ್ ಪಾಸಾದ ಟ್ಯಾಂಕ್ ಚಿಕ್ಕದಿರುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಆಗ ಕಿಟಕಿಯ ಬಳಿಯಿಂದ ಮೇಷ್ಟ್ರು, ಸುಮ್ಮನಿರಬಹುದಾಗಿದ್ದ ಕಡೆಯಲ್ಲಿ, "ಅದು ಮೂವತ್ತೈದರಲ್ಲಿ ಒಂದಂಶದ ಮಾದರಿ, ಸಾರ್" ಎಂದರು. ತಪ್ಪು ಅಳತೆ ಕೇಳಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ.

ಕಚೇರಿಯಲ್ಲಿ ವಿಷಯ ಗೊತ್ತಿದೆಯೆಂದು ತೋರಿಸಿಕೊಂಡವರ ಗತಿ ಏನಾಗಬೇಕೋ ಅದೇ ಆಯಿತು. ಸಂಜೆಯೊಳಗೆ ಅವರನ್ನು ಟ್ಯಾಂಕ್ ಜೋಡಣಾ ಕಾರ್ಯಕ್ಕೆ ನಿಯೋಜಿಸಲಾಯಿತು. "ಇದೊಂದು ಮುಗಿಸಿಕೊಡಿ ಮೇಷ್ಟ್ರೆ, ನಿಮ್ಮ ಮನೆಯವರ ವಯಸ್ಸಿನ ವಿಷಯ ನಾನೇ ಖುದ್ದಾಗಿ ನೋಡ್ತೀನಿ" ಎಂದರು ಮುಖ್ಯಾಧಿಕಾರಿಗಳು.

ಮೇಷ್ಟ್ರಿಗೆ ಆ ಪೆಟ್ಟಿಗೆಯ ಮುಚ್ಚಳದ ಚಿತ್ರ ಚೆನ್ನಾಗಿ ಗೊತ್ತಿತ್ತು. ಅಂಥದೇ ಒಂದು ಅವರ ಮನೆಯ ಊಟದ ಮೇಜಿನ ಮೇಲಿತ್ತು. ಹೆಂಡತಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕಿದ್ದವರು. ದಿನವಿಡೀ ಮುರಿದದ್ದನ್ನು ನೋಡಿ ಬಂದು ಸಂಜೆ ಏನನ್ನಾದರೂ ಜೋಡಿಸದಿದ್ದರೆ ಊಟ ಸೇರುವುದಿಲ್ಲ ಎನ್ನುತ್ತಿದ್ದರು. ಹಡಗು, ರೈಲು, ಸೇತುವೆ ಎಲ್ಲ ಆಗಿ ಕೊನೆಗೆ ಟ್ಯಾಂಕಿಗೆ ಬಂದಿದ್ದರು. ಮೇಷ್ಟ್ರ ಕೆಲಸ ಎದುರು ಕೂತು ಚಿಮಟದಲ್ಲಿ ಭಾಗಗಳನ್ನು ಎತ್ತಿಕೊಡುವುದು. "ರೀ, ಆ ಚಕ್ರ ಕೊಡಿ. ಅದಲ್ಲ, ಅದರ ಅಣ್ಣ." ಟ್ಯಾಂಕಿನ ಒಡಲು ಮಾತ್ರ ಸಿದ್ಧವಾಗಿತ್ತು. ಅದರ ಎಡಮಗ್ಗುಲಿನಲ್ಲಿ, ಅಂಟು ಆರುವ ಮೊದಲೇ ಒತ್ತಿ ಹಿಡಿದಿದ್ದರಿಂದ, ಅಂಟಿಗೆ ಕರಗಿದ ಪ್ಲಾಸ್ಟಿಕ್ಕಿನ ಮೇಲೆ ಆಕೆಯ ಹೆಬ್ಬೆರಳಿನ ಗೆರೆಗಳೆಲ್ಲ ಅಚ್ಚಾಗಿದ್ದವು. "ಥೂ, ಕೆಟ್ಟುಹೋಯ್ತು. ನಾಳೆ ಉಜ್ಜಿ ತೆಗೀತೀನಿ, ಜ್ಞಾಪಿಸಿ" ಎಂದಿದ್ದರು. ಮಾರನೆಯ ದಿನ ಆಸ್ಪತ್ರೆಗೆ ಹೋದವರು ಕೆಲಸಕ್ಕೆಂದು ಹೋಗಿರಲಿಲ್ಲ. ಅಂದಿನಿಂದ ಮೇಷ್ಟ್ರು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುತ್ತಿದ್ದರು.

ಪುರಸಭೆಯ ಟ್ಯಾಂಕಿನ ಕೆಲಸ ವಿಧಿವತ್ತಾಗಿ ಆರಂಭವಾಯಿತು. ಮೊದಲಿಗೆ ತೋಪಿನ ನಳಿಗೆಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಯಿತು, ಪರವಾನಗಿ ಇಲ್ಲದ ಆಯುಧವನ್ನು ಕಚೇರಿಯಲ್ಲಿ ಇಡುವಂತಿಲ್ಲ. ಠಾಣೆಯವರು ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ಪೊಟ್ಟಣವನ್ನು ಲಾಕಪ್ಪಿನಲ್ಲಿಟ್ಟು, ಬಾಗಿಲಿಗೆ ಒಬ್ಬ ಪೇದೆಯನ್ನು ಕೂರಿಸಿದರು. ಒಳಗಿದ್ದ ಕಳ್ಳನನ್ನು ಜಾಗ ಸಾಲದೆಂದು ಮನೆಗೆ ಕಳಿಸಲಾಯಿತು.

ಆಮೇಲೆ ಆರೋಗ್ಯ ವಿಭಾಗದವರು ಬಂದರು. ಅದು ಸೊಳ್ಳೆ ನಿರ್ಮೂಲನಾ ಮಾಸ. ಟ್ಯಾಂಕಿನ ಒಡಲು ದೋಣಿಯಂತಿದ್ದು, ಅದರಲ್ಲಿ ನೀರು ನಿಲ್ಲುವ ಸಂಭವವಿದೆ ಎಂದು ಅವರು ಅಭಿಪ್ರಾಯಪಟ್ಟರು. ಸಂಭವವನ್ನು ಪರೀಕ್ಷಿಸಲು ನೀರು ಹಾಕಿದರು. ನೀರು ನಿಂತಿತು. ಕೂಡಲೇ ಒಡಲನ್ನು ವಶಪಡಿಸಿಕೊಂಡು ಹಳೆಯ ಟೈರುಗಳ ಜೊತೆ ಸುಟ್ಟುಹಾಕಿದರು. ಆ ತಿಂಗಳ ಸಾಧನೆಯಲ್ಲಿ "ನಾಶಪಡಿಸಿದ ಯುದ್ಧ ವಾಹನ: ಒಂದು" ಎಂದು ಸೇರಿದ್ದರಿಂದ ವಿಭಾಗಕ್ಕೆ ಪ್ರಶಂಸೆಯೂ ಬಂತು.

ಹೀಗೆ ಟ್ಯಾಂಕಿಗೆ ಮೈಯೇ ಇಲ್ಲದಂತಾಗಿ, ಉದ್ಘಾಟನೆ ಹತ್ತಿರವಾಯಿತು. ಮುಖ್ಯಾಧಿಕಾರಿಗಳು ಆಟಿಕೆ ಅಂಗಡಿಯವನನ್ನು ಕರೆಸಿದರು.

"ಇಂಥದ್ದು ಇನ್ನೊಂದು ಇದೆಯಾ?"

"ಎರಡೇ ತರಿಸಿದ್ದೆ ಸಾರ್. ಒಂದು ನಿಮ್ಮ ಗುತ್ತಿಗೆದಾರರು ತಗೊಂಡ್ರು, ಚೌಕಾಸಿ ಮಾಡಿ. ಇನ್ನೊಂದು ಮೇಷ್ಟ್ರ ಮನೆಯಮ್ಮ ತಗೊಂಡಿದ್ರು, ಒಡಲಷ್ಟೇ ಆಗಿ ಊಟದ ಮೇಜಿನ ಮೇಲೇ ಇದೆಯಂತೆ." ಮೂಲೆಯಲ್ಲಿ ಚಕ್ರಗಳನ್ನು ಬಿಡಿಸುತ್ತ ಕೂತಿದ್ದ ಮೇಷ್ಟ್ರನ್ನು ಆಗ ಕಂಡು ಅಂಗಡಿಯವನು ಬಾಯಿ ಮುಚ್ಚಿಕೊಂಡ. ಆದರೆ ಮಾತು ಆಡಿಯಾಗಿತ್ತು.

ಮರುದಿನವೇ ಮೇಷ್ಟ್ರಿಗೆ ನೋಟಿಸು ತಲುಪಿತು. "ತಮ್ಮ ವಾಸದ ಮನೆಯ ಊಟದ ಮೇಜಿನ ಮೇಲೆ ಸೋವಿಯತ್ ಟ್ಯಾಂಕಿನ ಒಡಲೊಂದು ಬೀಡುಬಿಟ್ಟಿರುವುದು ಪುರಸಭೆಯ ಗಮನಕ್ಕೆ ಬಂದಿರುತ್ತದೆ. ವಾಸದ ವಲಯದಲ್ಲಿ ಸೇನಾ ಜಮಾವಣೆಗೆ ಅನುಮತಿ ಇರುವುದಿಲ್ಲ. ಸದರಿ ಒಡಲನ್ನು ಸಾರ್ವಜನಿಕ ಹಿತದೃಷ್ಟಿಯಿಂದ ವಶಪಡಿಸಿಕೊಂಡು, ಉಜ್ಜಿ, ನಯಗೊಳಿಸಿ, ಉಪಯೋಗಿಸಲಾಗುವುದು. ತಾವೇ ಜೋಡಿಸಿ ತಂದೊಪ್ಪಿಸಿದಲ್ಲಿ ವಶಪಡಿಸಿಕೊಂಡದ್ದನ್ನು ದಾನವೆಂದು ಪರಿಗಣಿಸಲಾಗುವುದು."

ಮೇಷ್ಟ್ರು ನೋಟಿಸನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮನೆಯಲ್ಲಿ ಅಕ್ಕ ಇದ್ದರು. ತಮ್ಮನಿಗೆ ಅಡುಗೆ ಮಾಡಿಹಾಕಲು ಬಂದವರು, ಮೇಜು ಖಾಲಿ ಮಾಡೆಂದು ದಿನಾ ಹೇಳಿ ಸೋತಿದ್ದರು.

"ಯಾಕೋ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ? ಏನಂತೆ?"

"ಟ್ಯಾಂಕ್ ಕೇಳಿದಾರೆ."

ಅಕ್ಕ ಸೌಟು ಕೆಳಗಿಟ್ಟರು. ಇಷ್ಟು ದಿನ ಬೇಡಿಕೊಂಡದ್ದು ಕೈಗೂಡುವ ಹೊತ್ತಿಗೆ ಅವರಿಗೆ ಖುಷಿಯಾದಂತೆ ಕಾಣಲಿಲ್ಲ. "ಕೊಡಲ್ಲ ಅಂದ್ರೆ?"

"ಬಂದು ತಗೊಂಡು ಹೋಗ್ತಾರೆ. ಉಜ್ಜಿ ನಯ ಮಾಡ್ತಾರಂತೆ."

"ಹಾಗಾದ್ರೆ ನೀನೇ ಮಾಡು ಕಣೋ" ಎಂದರು ಅಕ್ಕ. "ಅವ್ರ ಕೈಗೆ ಸಿಕ್ಕಿದ್ರೆ ಅವಳ ಬೆರಳು ಹೋಗುತ್ತೆ."

ಆ ಗುರುತನ್ನು ತಾನೊಬ್ಬನೇ ನೋಡಿದ್ದೇನೆಂದು ಮೇಷ್ಟ್ರು ಇಷ್ಟು ದಿನ ತಿಳಿದಿದ್ದರು.

ಅವರು ಮೇಜಿನ ಮುಂದೆ ಕೂತರು. ಎದುರಿನ ಕುರ್ಚಿಯಲ್ಲಲ್ಲ, ಹೆಂಡತಿಯ ಕುರ್ಚಿಯಲ್ಲಿ. ಅಕ್ಕ ಎದುರು ಕೂತು ಚಿಮಟ ಹಿಡಿದರು. ಯಾವ ಚಕ್ರ ಎಲ್ಲಿಗೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಆದರೂ ಕೊಡುವುದನ್ನು ಬಿಡಲಿಲ್ಲ. "ಇಷ್ಟು ಸಣ್ಣದರ ಒಳಗೆ ಯಾರು ಕೂತ್ಕೋತಾರೋ? ಕಚೇರಿಯವ್ರೇ ಸರಿ" ಎಂದು ಗೊಣಗುತ್ತಿದ್ದರು. ಮೇಷ್ಟ್ರು ಚಕ್ರ ಕೂರಿಸಿದರು, ಅದರ ಮೇಲೆ ಪಟ್ಟಿ ಸುತ್ತಿದರು, ತೋಪು ಕೂರುವ ಬುರುಜು ಹೊಂದಿಸಿದರು. ಹಸಿರು ಬಣ್ಣವನ್ನು ನೀರಾಗಿ ಕದಡಿ ತೆಳ್ಳಗೆ ಬಳಿದರು. ದಪ್ಪ ಬಳಿದರೆ ಗೆರೆಗಳು ತುಂಬಿಹೋಗುತ್ತವೆ.

ತಪಾಸಣೆಗೆ ಪುರಸಭೆಯ ಇಂಜಿನಿಯರ್ ಬಂದರು. ಟ್ಯಾಂಕನ್ನು ಅಂಗೈ ಮೇಲೆ ಇಟ್ಟುಕೊಂಡು, ಕೆಸರಿನಲ್ಲಿ ಓಡಾಡಬಲ್ಲದೇ, ಸೇತುವೆಗಳಿಗೆ ಭಾರವಾಗುವುದೇ ಎಂದು ಪರಿಶೀಲಿಸಿ ತೃಪ್ತರಾದರು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಇದೇನ್ರೀ ಎಡಗಡೆ? ಒರಟಾಗಿದೆ. ಉಜ್ಜಿಸಬೇಕು."

ಅವರ ಕೈಚೀಲದಿಂದ ಸ್ಯಾಂಡ್ ಪೇಪರಿನ ತುಂಡೊಂದು ಹೊರಬಂತು. ಮೇಷ್ಟ್ರು ಅದನ್ನೇ ನೋಡುತ್ತ ನಿಂತರು. ಇಡೀ ವೃತ್ತಿಜೀವನದಲ್ಲಿ ಮೇಲಿನವರ ಮಾತನ್ನು ನಡುವೆ ತಡೆದವರಲ್ಲ.

"ಉಜ್ಜೋ ಹಾಗಿಲ್ಲ ಸಾರ್. ಅದು ತಯಾರಿಸಿದವರ ಗುರುತು."

"ಯಾರು ಹೇಳಿದ್ದು?"

"ನಾನು ಬಲ್ಲೆ ಸಾರ್."

"ಅವರಿಂದ ಒಂದು ಒಪ್ಪಿಗೆ ತರಿಸಿದ್ರೆ ಉಜ್ಜಬಹುದೇನೋ."

"ಅವರು ಈಗ ಇಲ್ಲ."

"ಹೌದಲ್ಲ, ಆ ದೇಶವೇ ಹೋಯ್ತು" ಎಂದು ಇಂಜಿನಿಯರ್ ತಲೆದೂಗಿದರು. ಒಪ್ಪಿಗೆ ಕೊಡಬೇಕಾದವರೇ ಇಲ್ಲದ ಮೇಲೆ ಉಜ್ಜಿದರೆ ಹೊಣೆ ತಮ್ಮ ತಲೆಗೆ ಬರುತ್ತದೆ. ಅವರು ಸ್ಯಾಂಡ್ ಪೇಪರನ್ನು ಚೀಲಕ್ಕೆ ಸೇರಿಸಿ, "ಎಡಮಗ್ಗುಲಿನ ಮೂಲ ಗುರುತನ್ನು ಯಾರೂ ಮುಟ್ಟತಕ್ಕದ್ದಲ್ಲ, ಒರೆಸತಕ್ಕದ್ದಲ್ಲ" ಎಂದು ಬರೆದು ಸಹಿ ಹಾಕಿದರು.

ನಳಿಗೆಯನ್ನು ಇಬ್ಬರು ಪೇದೆಗಳ ಕಾವಲಿನಲ್ಲಿ ತಂದು ಅಂಟಿಸಲಾಯಿತು. ವೃತ್ತದ ನಡುವೆ ನಿಜವಾದ ಟ್ಯಾಂಕಿಗೆಂದೇ ಕಟ್ಟಿದ್ದ ಕಲ್ಲಿನ ಕಟ್ಟೆಯ ಮೇಲೆ ಅದನ್ನು ಇಟ್ಟರು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಕಟ್ಟೆಯನ್ನು ನೋಡಿದರು. ಮತ್ತೆ ನೋಡಿದರು. ಕಟ್ಟೆಯ ಮೇಲೆ ಯಾರೋ ಚಪ್ಪಲಿ ಬಿಟ್ಟುಹೋದಂತಿತ್ತು.

"ಚಿಕ್ಕದಾಗಿ ಕಾಣ್ತಿದೆ" ಎಂದರು.

ಮುಖ್ಯಾಧಿಕಾರಿಗಳು ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೆ, ಒಂದು ನಿಜವಾದ ಟ್ಯಾಂಕು ಇಷ್ಟು ಚಿಕ್ಕದಾಗಿ ಕಾಣಬೇಕಾದ್ರೆ ಎಷ್ಟು ದೂರದಲ್ಲಿ ಇರ್ಬೇಕು?"

"ಈಗಿನದರ ಮೂವತ್ತೈದು ಪಟ್ಟು ದೂರದಲ್ಲಿ."

"ಗೊತ್ತಾಯ್ತಲ್ಲ ಸಾರ್. ಟ್ಯಾಂಕಿನಲ್ಲಿ ದೋಷ ಇಲ್ಲ. ದೂರದ ತೊಂದ್ರೆ."

ಹೀಗೆ ಹೊರಬಿದ್ದ ಪ್ರಕಟಣೆಯನ್ನು ಊರಿನ ಗೋಡೆಗಳ ಮೇಲೆ ಈಗಲೂ ಓದಬಹುದು. "ಪುರಸಭೆಯ ಟ್ಯಾಂಕ್ ಪೂರ್ಣ ಗಾತ್ರದ್ದಾಗಿರುತ್ತದೆ. ದೂರದ ವಸ್ತುಗಳು ಚಿಕ್ಕದಾಗಿ ಕಾಣುವುದು ಸಹಜ. ವೃತ್ತವು ಇದುವರೆಗೆ ತಿಳಿದಿದ್ದಕ್ಕಿಂತ ಮೂವತ್ತೈದು ಪಟ್ಟು ದೂರದಲ್ಲಿರುವುದು ಗಣಿತದಿಂದ ದೃಢಪಟ್ಟಿದ್ದು, ಸಾರ್ವಜನಿಕರು ಅದರಂತೆ ನಡೆದುಕೊಳ್ಳತಕ್ಕದ್ದು. ಹತ್ತಿರ ಹೋಗಿ ನೋಡುವವರ ಮೇಲೆ ಕ್ರಮ ಜರುಗಿಸಲಾಗುವುದು."

ಮೊದಲ ದಿನಗಳಲ್ಲಿ ಸ್ವಲ್ಪ ಗೊಂದಲವಿತ್ತು. ಬಸ್ಸಿನವರು ವೃತ್ತಕ್ಕೆ ದೂರದ ಊರಿನ ಟಿಕೆಟ್ ಹರಿದರು. ಜನ ಗೊಣಗಿ ದುಡ್ಡು ಕೊಟ್ಟರು, ಆಮೇಲೆ ಗೊಣಗದೆ ಕೊಟ್ಟರು. ಅಲ್ಲಿಗೆ ಪತ್ರ ಹಂಚುವ ಅಂಚೆಯವನಿಗೆ ಪ್ರವಾಸ ಭತ್ಯೆ ಮಂಜೂರಾಯಿತು. ವೃತ್ತದ ಆಚೆಯ ದರ್ಜಿ ಈಚೆಯ ತಮ್ಮನ ಮನೆಗೆ ಬರುವುದನ್ನು ಕಡಿಮೆ ಮಾಡಿದ. ಬಂದರೆ ರಾತ್ರಿ ಉಳಿದೇ ಹೋಗುತ್ತಿದ್ದ. ಪಕ್ಕದ ಊರಿನವರು ನೋಡಲು ಬಂದು, ಕಟ್ಟೆಯ ಸುತ್ತ ಹಾಕಿಸಿದ್ದ ಕಂಬಿಬೇಲಿಯ ಹೊರಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, "ದೊಡ್ಡದೇ ಇರಬೇಕು, ಇಷ್ಟು ದೂರದಿಂದ್ಲೂ ಕಾಣುತ್ತಲ್ಲ" ಎಂದು ಒಪ್ಪಿದರು. ಅಧ್ಯಕ್ಷರಿಗೆ ನಿದ್ದೆ ಬಂತು.

ಮುಖ್ಯಾಧಿಕಾರಿಗಳು ಮಾತಿಗೆ ತಪ್ಪಲಿಲ್ಲ. ಮರಣ ಪತ್ರವನ್ನು ತಿದ್ದಿಸಿ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿಕೊಟ್ಟರು. ಒಮ್ಮೆಲೇ ಪೂರ್ತಿ ಕೊಡಲು ಬರುವುದಿಲ್ಲವಂತೆ.

ಜೋಡಿಸಿದವರೇ ನೋಡಿಕೊಳ್ಳಬೇಕೆಂಬ ನಿಯಮದಂತೆ ಮೇಷ್ಟ್ರನ್ನು ಟ್ಯಾಂಕಿನ ಮೇಲ್ವಿಚಾರಕರನ್ನಾಗಿ ನೇಮಿಸಲಾಗಿದೆ. ಬೇಲಿಯ ಒಳಗೆ ಹೋಗಲು ಅಧಿಕಾರವಿರುವುದು ಅವರೊಬ್ಬರಿಗೇ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಮೆತ್ತನೆಯ ಬಟ್ಟೆ ಹಿಡಿದು ಹೊರಡುತ್ತಾರೆ. ವೃತ್ತ ಅವರ ಮನೆಯ ಕಿಟಕಿಯಿಂದ ಕಾಣುತ್ತದೆ. ಆದರೂ ಅಕ್ಕ ಬಾಗಿಲವರೆಗೆ ಬಂದು ಕೈಗೆ ನೀರಿನ ಬಾಟಲಿ ಕೊಡುತ್ತಾರೆ. "ಅಷ್ಟು ದೂರ ಹೋಗ್ತಿದ್ದೀಯ, ಕತ್ತಲಾಗೋದ್ರೊಳಗೆ ಬಂದ್ಬಿಡು. ಮೇಜಿನ ಮೇಲೆ ಊಟ ಬಡಿಸಿಟ್ಟಿರ್ತೀನಿ."

ಮೇಷ್ಟ್ರು ಬುರುಜು ಒರೆಸುತ್ತಾರೆ, ನಳಿಗೆ ಒರೆಸುತ್ತಾರೆ, ಚಕ್ರಗಳನ್ನು ಒಂದೊಂದಾಗಿ ಒರೆಸುತ್ತಾರೆ. ಎಡಮಗ್ಗುಲಿನ ಗುರುತನ್ನು ನಿಯಮದ ಪ್ರಕಾರ ಒರೆಸುವುದಿಲ್ಲ. ಧೂಳು ಕೂತು ಅದರ ಗೆರೆಗಳು ಈಗ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ.