ಎಲೆಕ್ಟ್ರಾನು ಕೊಟ್ಟವರು ಯಾರು

ಹೆಂಡತಿ ಮಹಡಿಮೆಟ್ಟಿಲ ಮೇಲೆ ಆಡಿದ ಒಂದೇ ಮಾತು ಎಲ್ಲಕ್ಕೂ ಮೂಲ. ‘ನಮ್ಮನೆಯವರು ಬ್ಯಾಟರಿ ವಿಜ್ಞಾನಿ’ ಎಂದುಬಿಟ್ಟಿದ್ದಳು.

ಆತ ಬ್ಯಾಟರಿ ಬಿಚ್ಚಿ ನೋಡಿದವನೇ ಅಲ್ಲ. ಬ್ಯಾಟರಿಯ ಧನಧ್ರುವದ ಪದಾರ್ಥದಿಂದ ಲಿಥಿಯಂ ಹೊರಟಾಗ ಎಲೆಕ್ಟ್ರಾನನ್ನು ಬಿಟ್ಟುಕೊಡುವುದು ನಿಕಲ್ಲೋ, ಅದರ ಪಕ್ಕದ ಆಮ್ಲಜನಕವೋ ಎಂದು ಆರು ವರ್ಷದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದ. ಕೊನೆಗೂ ಉತ್ತರ ಸಿಕ್ಕಿತ್ತು. ಅಂದು ಹನ್ನೊಂದಕ್ಕೆ ಪರಿಶೀಲನಾ ಸಮಿತಿಗೆ ಅದನ್ನು ವಿವರಿಸಿ, ಸಂಶೋಧನೆಗೆ ಇನ್ನೂ ಮೂರು ವರ್ಷದ ಅನುಮತಿ ಪಡೆಯಬೇಕಿತ್ತು.

ಎಂಟಕ್ಕೇ ಕೆಳಮನೆಯ ನಿವೃತ್ತ ಮೇಷ್ಟ್ರು ಸತ್ತ ಫೋನನ್ನು ಜ್ವರ ಬಂದ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಬಂದರು. ತನಗೆ ರಿಪೇರಿ ಬಾರದೆಂದು ಆತ ಹೇಳಿದ. ಎಲೆಕ್ಟ್ರಾನಿನ ಕತೆಯನ್ನೂ ಬಿಡಿಸಿ ಹೇಳಿದ. ಮೇಷ್ಟ್ರು ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ ಕಣಪ್ಪಾ, ಇದಕ್ಕೇನು ಮಾಡೋಣ?” ಎಂದರು.

ಅವರನ್ನು ಸಾಗಹಾಕಿ ಕೆಳಗಿಳಿದರೆ, ಎದುರುಮನೆಯಾಕೆ ಕೆಟ್ಟ ಎಲೆಕ್ಟ್ರಿಕ್ ಸ್ಕೂಟರನ್ನು ಗೇಟಿಗೇ ಅಡ್ಡ ನಿಲ್ಲಿಸಿದ್ದಳು. ಹೊತ್ತಾಯಿತು ಎಂದದ್ದಕ್ಕೆ, ಓದಿದವರ ಜಂಬವೇ ಜಂಬ ಎಂದು ಬೀದಿಗೆಲ್ಲ ಕೇಳುವಂತೆ ಅಂದಳು. ಸ್ಕೂಟರನ್ನು ತಾನೇ ತಳ್ಳಿ ದಾರಿ ಮಾಡಿಕೊಳ್ಳುವಾಗ ಇಸ್ತ್ರಿ ಅಂಗಿಗೆ ಕೊಳೆ ಮೆತ್ತಿತು.

ಸಂಸ್ಥೆ ತಲುಪುವಷ್ಟರಲ್ಲಿ ಮೈಯೆಲ್ಲ ಉರಿ. ಆ ಉರಿಯಲ್ಲೇ ಮುಕ್ಕಾಲು ಗಂಟೆ ಮಾತಾಡಿದ. ಎಲೆಕ್ಟ್ರಾನು ಕೊಡುವುದು ಆಮ್ಲಜನಕ. ಕೊಟ್ಟು ಕೊಟ್ಟು ಅದು ಸೋತಾಗ ಪದಾರ್ಥವೇ ಕುಸಿಯುತ್ತದೆ, ಬ್ಯಾಟರಿ ಮುಪ್ಪಾಗುತ್ತದೆ. ಯಾರೂ ಆಕಳಿಸಲಿಲ್ಲ. ಅಧ್ಯಕ್ಷರಂತೂ ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು.

“ಒಂದು ಪ್ರಶ್ನೆ. ನನ್ನ ಫೋನು ಬೆಳಗ್ಗೆಯಿಂದ ಚಾರ್ಜ್ ತಗೋತಿಲ್ಲ. ಸ್ವಲ್ಪ ನೋಡ್ತೀರಾ?”

ಆರು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಆತ ಫೋನನ್ನು ಕಸಿದುಕೊಂಡ. “ಇದಕ್ಕೆ ವಿಜ್ಞಾನಿ ಬೇಕಾ ಸಾರ್? ಕಣ್ಣಿದ್ರೆ ಸಾಕು,” ಎಂದು ಮೇಜಿನ ಮೇಲಿದ್ದ ಗುಂಡುಸೂಜಿಯಿಂದ ಚಾರ್ಜರ್ ಸಿಕ್ಕಿಸುವ ತೂತನ್ನು ಕೆದಕಿದ. ಜೇಬಿನ ಕಸ ಉಂಡೆಯಾಗಿ ಹೊರಬಂತು. ಚಾರ್ಜರ್ ಸಿಕ್ಕಿಸಿದ್ದೇ ಫೋನು ಕಣ್ಣುಬಿಟ್ಟಿತು. ಸಮಿತಿ ಚಪ್ಪಾಳೆ ತಟ್ಟಿತು. ಎಲೆಕ್ಟ್ರಾನಿಗೆ ತಟ್ಟಿರಲಿಲ್ಲ.

ಸಂಜೆ ಆದೇಶ ಕೈಸೇರಿತು. ಸಂಶೋಧನೆಗೆ ಮೂರು ವರ್ಷದ ಅನುಮತಿ ದೊರೆತಿತ್ತು. ಹಿಗ್ಗಿ ಮುಂದಿನ ಸಾಲಿಗೆ ಬಂದ. ಲೆಕ್ಕದ ಕೆಲಸವನ್ನು ಕಿರಿಯ ಸಹೋದ್ಯೋಗಿಗೆ ವಹಿಸಲಾಗಿದೆ. ಇಂಥ ಕೈಚಳಕ ಲೆಕ್ಕದಲ್ಲಿ ವ್ಯರ್ಥವಾಗಬಾರದಾದ್ದರಿಂದ ತಮ್ಮನ್ನು ಸಂಸ್ಥೆಯ ರಿಪೇರಿ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಲಾಗಿದೆ.

ನಾಲ್ಕು ಪುಟದ ಪ್ರತಿಭಟನೆ ಬರೆದುಕೊಂಡು ನಿರ್ದೇಶಕರ ಕೋಣೆಗೆ ನುಗ್ಗಿದ. ಅವರು ಒಂದಕ್ಷರ ಬಿಡದೆ ಓದಿದರು, ತಲೆದೂಗಿದರು, ಕುರ್ಚಿ ಹತ್ತಿ ನಿಂತುಹೋಗಿದ್ದ ಗೋಡೆ ಗಡಿಯಾರ ಇಳಿಸಿದರು.

“ಒಳ್ಳೇ ಹೊತ್ತಿಗೆ ಬಂದ್ರಿ,” ಎಂದು ಅದನ್ನು ಆತನ ಕೈಗಿಟ್ಟರು.